ಸಪ್ರೆಸರ್ ಸ್ವಚ್ಛತೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. .22 ರಿಮ್‌ಫೈರ್ (ತೋಟೆಯ ಅಂಚಿಗೆ ಹೊಡೆತ ಬಿದ್ದು ಸಿಡಿಯುವ ಬಗೆ) ಬಂದೂಕಿಗೆ ಸಪ್ರೆಸರ್, ಅಂದರೆ ಸದ್ದು ತಗ್ಗಿಸಲು ನಳಿಗೆಯ ತುದಿಗೆ ಹಾಕುವ ಕೊಳವೆ, ಇರುವವರು ದಯವಿಟ್ಟು ಪೂರ್ತಿ ಓದಿ. ಈ ಗುಂಡುಗಳಿಗೆ ಬಹುತೇಕ ದಪ್ಪ ತಾಮ್ರದ ಹೊದಿಕೆ ಇರುವುದಿಲ್ಲ. ಹಾಗಾಗಿ ಸೀಸ, ಮೇಣ, ಮಸಿ ಮೂರೂ ಸೇರಿ ಬ್ಯಾಫಲ್‌ಗಳ (ಕೊಳವೆಯೊಳಗಿನ ತೂತಿರುವ ತಡೆಬಿಲ್ಲೆಗಳ) ಮೇಲೆ ಬೂದುಬಣ್ಣದ ಗಟ್ಟಿ ಪದರ ಕಟ್ಟುತ್ತದೆ. ಬಹಳ ದಿನ ಬಿಟ್ಟರೆ ಬ್ಯಾಫಲ್‌ಗಳು ಕೊಳವೆಗೇ ಕಚ್ಚಿಕೊಂಡು ಹೊರಗೆ ಬರುವುದಿಲ್ಲ. ಹೊಸದಿದ್ದಾಗಲೇ ತೂಕ ಬರೆದಿಟ್ಟುಕೊಳ್ಳಿ. ಎಷ್ಟು ಕೊಳೆ ಕೂತಿದೆ ಎಂದು ತಕ್ಕಡಿಯೇ ಹೇಳುತ್ತದೆ.

ಬಿಚ್ಚುವ ಮೊದಲು ಬಂದೂಕು ಖಾಲಿ ಇದೆಯೇ ನೋಡಿ, ಸಪ್ರೆಸರ್ ತಣ್ಣಗಾಗಲಿ. ಬ್ಯಾಫಲ್ ತೆಗೆದ ಕ್ರಮದಲ್ಲೇ ಸಾಲಾಗಿಟ್ಟು ಫೋಟೊ ತೆಗೆಯಿರಿ. ಒಂದು ತಿರುಗಿ ಕೂತರೂ ಗುಂಡು ಅದಕ್ಕೆ ತಗುಲಬಹುದು. ನೈಟ್ರೈಲ್ ಕೈಗವಸು ಕಡ್ಡಾಯ. ಒಣಗಿದ್ದಾಗ ಉಜ್ಜಲೇಬೇಡಿ, ಸೀಸದ ಧೂಳು ಉಸಿರಿಗೆ ಹೋಗುತ್ತದೆ. ಸಾಲ್ವೆಂಟ್‌ನಲ್ಲಿ ನೆನೆಸಿ, ಒದ್ದೆಯಿರುವಾಗಲೇ ಬ್ರಷ್ ಆಡಿಸಿ. ಅಲ್ಯೂಮಿನಿಯಂ ಆದರೆ ನೈಲಾನ್ ಬ್ರಷ್ ಸಾಕು. ಕ್ಷಾರದ ಕ್ಲೀನರ್ ಅದನ್ನು ತಿಂದುಹಾಕುತ್ತದೆ.

ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ಉಪಾಯ ಬೇಡವೇ ಬೇಡ. ಸೀಸ ಕರಗುವುದು ನಿಜ, ಆದರೆ ಉಳಿಯುವ ದ್ರವ ಸೀಸದ ಅಸಿಟೇಟ್, ವಿಷ. ಬಳಸಿದ ದ್ರವ ಯಾವುದೇ ಇರಲಿ, ಚರಂಡಿಗೆ ಚೆಲ್ಲದೆ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಅಪಾಯಕಾರಿ ತ್ಯಾಜ್ಯಕ್ಕೆ ಕೊಡಿ.

ಸೆಂಟರ್‌ಫೈರ್‌ನ (ತೋಟೆಯ ತಳದ ನಡುವಿಗೆ ಹೊಡೆತ ಬೀಳುವ ಬಗೆಯ) ಬಿಚ್ಚಲಾಗದ ಸಪ್ರೆಸರ್‌ಗೆ ಇಷ್ಟೆಲ್ಲ ಬೇಕಿಲ್ಲ. ನಳಿಗೆಗೆ ತಿರುಗಿಸಿ ಕೂರಿಸುವ ಥ್ರೆಡ್ ಒರೆಸಿದರೆ ಸಾಮಾನ್ಯವಾಗಿ ಸಾಕು. ಥ್ರೆಡ್‌ನಲ್ಲಿ ಮಸಿ ಉಳಿದರೆ ಸಪ್ರೆಸರ್ ಓರೆಯಾಗಿ ಕೂರುತ್ತದೆ. ಮತ್ತೆ ಹಾಕಿದ ಮೇಲೆ, ಖಾಲಿ ಬಂದೂಕಿನ ನಳಿಗೆಯಲ್ಲಿ ಅಲೈನ್‌ಮೆಂಟ್ ರಾಡ್ (ನೇರ ಇದೆಯೇ ನೋಡುವ ಸರಳು) ತೂರಿಸಿ ನೋಡಿ, ಅದು ಸಪ್ರೆಸರ್‌ನ ಮುಂತುದಿಯ ರಂಧ್ರದ ನಡುಮಧ್ಯದಲ್ಲೇ ಕಾಣಬೇಕು. ನೋಡಿದ ಕೂಡಲೇ ರಾಡ್ ಹೊರತೆಗೆಯಿರಿ.