ಭಾನುವಾರ ವರ್ಗ ಸಮೀಕರಣದ ಕ್ಲಾಸು ಮೈದಾನದಾಗ

ಎಲ್ಲ ಪಾಲಕರಿಗೂ ಮಕ್ಕಳಿಗೂ ನಮಸ್ಕಾರ್ರಿ.

ಈ ಭಾನುವಾರ ಮುಂಜಾನೆ 7:30ಕ್ಕೆ, ವಿಜಯಪುರದ ನಮ್ಮ ಎಸ್ಸೆಸ್ಸೆಲ್ಸಿ ಗಣಿತ ಬ್ಯಾಚಿನ ಮಕ್ಕಳು ನೇರವಾಗಿ ಮೈದಾನಕ್ಕೇ ಬರಬೇಕು. ಬಿಸಿಲೇರೋದ್ರೊಳಗ ಅಳತೆ ಮುಗಿಸೋಣ.

ತರಬೇಕಾದದ್ದು: ವಹಿ, ನೀರಿನ ಬಾಟ್ಲಿ. ನಾಲ್ಕು ಮಂದಿಗೆ ಒಂದು ಅಳತೆ ಟೇಪು, ಹಗ್ಗ, ನಾಲ್ಕು ಗೂಟ.

ಮೊದಲು 33 ಅಡಿ ಚೌಕ ಹಾಕಿ ಒಂದು ಗುಂಟೆ (1089 ಚದರ ಅಡಿ) ಕಣ್ಣಾರೆ ನೋಡೋದು. ಮೂಲೆ ಸರಿ ಬರಾಕ ಹಗ್ಗದಾಗ 9, 12, 15 ಅಡಿಯ ತ್ರಿಕೋನ ಮಾಡ್ರಿ. ಮೂಲೆ ವಾರೆಯಾದರೆ ಬದು ಅಷ್ಟೇ ಉದ್ದ ಇದ್ದರೂ ಕ್ಷೇತ್ರಫಲ ಕಡಿಮೆ ಆಗತೈತಿ.

ಆಮೇಲೆ ಲೆಕ್ಕ: 10 ಗುಂಟೆಯ ದ್ರಾಕ್ಷಿ ತೋಟ, ಉದ್ದ ಅಗಲಕ್ಕಿಂತ 11 ಅಡಿ ಹೆಚ್ಚು. ಸುತ್ತ ತಂತಿ ಎಷ್ಟು ಬೇಕು?
ಅಗಲ x ಅಂತ ಹಿಡಿದರೆ x² + 11x − 10890 = 0. ಶೋಧಕ (b² − 4ac) 43681, ಅದರ ವರ್ಗಮೂಲ 209. ಅಗಲ 99, ಉದ್ದ 110, ಒಂದು ಸುತ್ತಿಗೆ 418 ಅಡಿ. −110 ಅನ್ನೋ ಮೂಲ ಬಿಡ್ರಿ, ಆದರೆ ಯಾಕೆ ಬಿಟ್ರಿ ಅಂತ ಒಂದು ಸಾಲು ಬರೀಲೇಬೇಕು.

ಮನೆಯಾಗ ಬಿಡಿಸಿ ತರೋದು: 90 ಕಿ.ಮೀ. ದಾರಿ. ಬಸ್ಸಿನ ವೇಗ ತಾಸಿಗೆ 15 ಕಿ.ಮೀ. ಹೆಚ್ಚಿದರೆ 30 ನಿಮಿಷ ಉಳೀತದ. ಮೊದಲಿನ ವೇಗ ಎಷ್ಟು? ಬಹಳ ಮಂದಿ ತಪ್ಪೋದು ಇಲ್ಲೇ: 30 ಅಂತ ಬರೀಬ್ಯಾಡ್ರಿ, ½ ತಾಸು. ಉತ್ತರ 45 ಬರಬೇಕು.

ಯಾರ ಮನೆಯಾಗ 100 ಅಡಿ ಟೇಪು ಐತಿ, ಶುಕ್ರವಾರ ಸಂಜಿಯೊಳಗ ಇಲ್ಲೇ ತಿಳಿಸ್ರಿ. ಬರಾಕ ಆಗದವರೂ ಹೇಳ್ರಿ, ತಂಡ ಮಾಡಬೇಕು.