ಆರ್ಸೆನಿಕ್ ಕಾರ್ಟ್ರಿಜ್ ಬದಲಾಗುತ್ತಿದೆ: ಗ್ರಾಹಕರಿಗೊಂದು ಪತ್ರ

ಕುಮಟಾ

ಮಾನ್ಯ ಗ್ರಾಹಕರೇ,

ರಾಯಚೂರು, ಯಾದಗಿರಿ ಕಡೆಯ ಮನೆ, ಶಾಲೆಗಳಿಗೆ ನಾವು ಕಳಿಸುತ್ತ ಬಂದಿರುವ, ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷವನ್ನು ಹಿಡಿಯುವ ಕಾರ್ಟ್ರಿಜ್‌ನ ಒಳಸಾಮಗ್ರಿ ಮುಂದಿನ ತಿಂಗಳಿಂದ ಬದಲಾಗುತ್ತದೆ. ಹೊರಗಿನ ಡಬ್ಬಿ ಅದೇ, ಈಗಿರುವ ಫಿಲ್ಟರಿಗೇ ಕೂರುತ್ತದೆ.

ಇದುವರೆಗೆ ಒಳಗಿದ್ದದ್ದು ಕಬ್ಬಿಣದ ಹೈಡ್ರಾಕ್ಸೈಡ್ ಹರಳು. ಆರ್ಸೆನಿಕ್ಕನ್ನು ಚೆನ್ನಾಗಿಯೇ ಹಿಡಿಯುತ್ತಿತ್ತು. ಆದರೆ ಹರಳು ಸವೆದು ಪುಡಿಯಾಗಿ ಅಡಿಗೆ ಕೂತರೆ ನೀರು ಸಣ್ಣಗಾಗುತ್ತದೆ. ಒಂದು ಕೊಡ ತುಂಬಲು ಕಾದು ಸಾಕಾಯಿತೆಂದು ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ.

ಹೊಸದರಲ್ಲಿರುವುದು ಪ್ಲಾಸ್ಟಿಕ್ಕಿನಂಥ ಪಾಲಿಮರ್ ಮಣಿ. ರಾಗಿ ಕಾಳಿಗಿಂತ ಚಿಕ್ಕದು, ಕಡು ಕಂದು, ಅಂಗೈಯಲ್ಲಿ ತಿಕ್ಕಿದರೂ ಪುಡಿಯಾಗುವುದಿಲ್ಲ. ಮಣಿಯ ತುಂಬ ಕಣ್ಣಿಗೆ ಕಾಣದ ರಂಧ್ರಗಳು, ಆ ರಂಧ್ರಗಳೊಳಗೆ ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳು. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೊಮೀಟರ್‌ಗಳಿವೆ ಎಂದರೆ ಆ ಕಣ ಎಷ್ಟು ಸಣ್ಣದೆಂದು ಲೆಕ್ಕ ಹಾಕಿಕೊಳ್ಳಿ. ಕಣ ಸಣ್ಣದಾದಷ್ಟೂ ಅದೇ ತೂಕದ ಕಬ್ಬಿಣದಲ್ಲಿ ಆರ್ಸೆನಿಕ್ ಅಂಟಿಕೊಳ್ಳಲು ಜಾಗ ಹೆಚ್ಚು. ಈ ಕಣವನ್ನು ಬಿಡಿಯಾಗಿ ತುಂಬಿದರೆ ನೀರಿನ ಜೊತೆ ಹೊರಟುಹೋಗುತ್ತದೆ, ಮಣಿಯೊಳಗಿದ್ದರೆ ನಿಲ್ಲುತ್ತದೆ. ನಮಗೆ ಬಹಳ ಹಿಡಿಸಿದ್ದು ಇನ್ನೊಂದು ಗುಣ. ನೀರಿನಲ್ಲಿ ಆರ್ಸೆನಿಕ್ಕಿನ ಒಂದು ರೂಪವಾದ ಆರ್ಸೆನೇಟ್‌ಗೆ ಋಣ ವಿದ್ಯುದಂಶವಿರುತ್ತದೆ, ಈ ಪಾಲಿಮರಿಗೆ ಧನ ವಿದ್ಯುದಂಶ. ಹಾಗಾಗಿ ಮಣಿಯೇ ಅದನ್ನು ಒಳಗೆಳೆದು ಕಬ್ಬಿಣಕ್ಕೆ ಒಪ್ಪಿಸುತ್ತದೆ. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅರೂಪ್ ಸೇನ್‌ಗುಪ್ತ ಮತ್ತು ಸಂಗಡಿಗರು ರೂಪಿಸಿದ ಇಂಥ ಮಣಿಗಳು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಬಳಕೆಯಾಗಿವೆ.

ಬೋರ್‌ವೆಲ್ಲಿನ ಆಳದ ನೀರಿನಲ್ಲಿ ಆರ್ಸೆನೈಟ್ ಎಂಬ ರೂಪವೂ ಇರುತ್ತದೆ. ಅದಕ್ಕೆ ವಿದ್ಯುದಂಶವಿಲ್ಲ, ಹಿಡಿಯುವುದು ಕಷ್ಟ. ಕ್ಲೋರಿನ್ ಅದನ್ನು ಆರ್ಸೆನೇಟ್ ಮಾಡುತ್ತದೆ. ಆದ್ದರಿಂದ ಟ್ಯಾಂಕಿಗೆ ಕ್ಲೋರಿನ್ ಹಾಕುವುದನ್ನು ನಿಲ್ಲಿಸಬೇಡಿ, ಆದರೆ ಹಾಕಿದ ಕೂಡಲೇ ಫಿಲ್ಟರಿಗೆ ಬಿಡಲೂಬೇಡಿ. ಕ್ಲೋರಿನ್ ಹೆಚ್ಚಾದರೆ ಮಣಿ ಬೇಗ ಹಾಳಾಗುತ್ತದೆ.

ಬಳಸಿ ಮುಗಿದ ಕಾರ್ಟ್ರಿಜ್ಜನ್ನು ದಯವಿಟ್ಟು ಹಿತ್ತಲಿಗೋ ತಿಪ್ಪೆಗೋ ಎಸೆಯಬೇಡಿ. ನೀರಿನಿಂದ ತೆಗೆದ ವಿಷವೆಲ್ಲ ಅದರಲ್ಲೇ ಇದೆ. ನಮಗೆ ಮರಳಿಸಿ, ನಾವು ತಯಾರಕರಿಗೆ ತಲುಪಿಸುತ್ತೇವೆ. ಅಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಹಾಯಿಸಿ ಆರ್ಸೆನಿಕ್ ಬಿಡಿಸಿದರೆ ಮಣಿ ಮತ್ತೆ ಕೆಲಸಕ್ಕೆ ಬರುತ್ತದೆ. ಹೊಸದರ ಬೆಲೆ ಹೆಚ್ಚು, ಆದರೆ ಹಳೆಯದನ್ನು ಮರಳಿಸಿದವರಿಗೆ ರಿಯಾಯಿತಿ ಇದೆ. ದರಪಟ್ಟಿ ಜೊತೆಗಿಟ್ಟಿದ್ದೇವೆ.

ಈಗ ನಮ್ಮ ಕುಮಟಾ, ಹೊನ್ನಾವರ, ಅಂಕೋಲಾ ಕಡೆಯವರಿಗೆ ಒಂದು ಮಾತು. "ನಮಗೂ ಅದನ್ನೇ ಹಾಕಿಕೊಡಿ" ಎಂದು ಕೇಳುತ್ತಿದ್ದೀರಿ. ಬೇಸಿಗೆಯಲ್ಲಿ ಬಾವಿಗೆ ಉಪ್ಪು ಏರಿದ್ದರೆ ಈ ಮಣಿ ಅದನ್ನು ತೆಗೆಯುವುದಿಲ್ಲ. ಕೊಡದ ತಳದಲ್ಲಿ ಕೆಂಪು ಗಸಿ ನಿಲ್ಲುವ ಕಬ್ಬಿಣದ ನೀರಾದರೆ ಆ ಗಸಿಯೇ ಮಣಿಯನ್ನು ಮುಚ್ಚಿಬಿಡುತ್ತದೆ. ಆರ್ಸೆನಿಕ್ಕಿಗೆ ಬಣ್ಣವಿಲ್ಲ, ರುಚಿಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅದು ಇದೆಯೋ ಇಲ್ಲವೋ ಹೇಳಬೇಕಾದ್ದು ಲ್ಯಾಬ್. ಭಾರತೀಯ ಮಾನದಂಡದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದನ್ನು ಮೀರಿದ ವರದಿ ತೋರಿಸಿದವರಿಗೆ ಮಾತ್ರ ಇನ್ನು ಮುಂದೆ ಈ ಕಾರ್ಟ್ರಿಜ್ ಮಾರುತ್ತೇವೆ. ವ್ಯಾಪಾರ ಕಡಿಮೆಯಾದರೂ ಪರವಾಗಿಲ್ಲ, ಬೇಡದ ವಸ್ತುವಿಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವ ಮನಸ್ಸು ನಮಗಿಲ್ಲ.

ಪ್ರತಿ ಹೊಸ ಕಾರ್ಟ್ರಿಜ್ ಜೊತೆ ಎರಡು ಖಾಲಿ ಬಾಟಲಿ ಬರುತ್ತವೆ. ಒಂದರಲ್ಲಿ ಫಿಲ್ಟರಿಗೆ ಹೋಗುವ ನೀರು, ಇನ್ನೊಂದರಲ್ಲಿ ಸೋಸಿದ ನೀರು ತುಂಬಿ, ಚೀಟಿ ಅಂಟಿಸಿ ಕಳಿಸಿ. ಪರೀಕ್ಷೆಯ ಖರ್ಚು ನಮ್ಮದು.

ಇತಿ ತಮ್ಮ ವಿಶ್ವಾಸಿಗಳು,
ಫಿಲ್ಟರ್ ಘಟಕದ ಪರವಾಗಿ