ಸಹಿ ಹಾಕೋ ಮೊದಲು

ಆಳಂದ

ಚಿ. ತಮ್ಮನಿಗೆ ನಿನ್ನ ಕಾಕಾನ ಆಶೀರ್ವಾದ.

ಇಲ್ಲಿ ಎಲ್ಲಾರೂ ಆರಾಮ ಇದ್ದೀವಿ. ತೊಗರಿ ರಾಶಿ ಮುಗೀತು, ಇಳುವರಿ ಹೇಳಿಕೊಳ್ಳೋ ಹಂಗ ಬಂದಿಲ್ಲ. ನೀ ವಾಟ್ಸಾಪ್‌ನಾಗ ಕಳಿಸಿದ್ದು ಓದಿದೆ. ‘ಕಾಕಾ, ಇವನೂ ಇಂಜಿನಿಯರ್, ಪರದೇಶಕ್ಕ ಹೋಗಿ ಮಿಲಿಟರಿ ಸೇರ್ಯಾನ, ಇವತ್ತಿಗೂ ಜನ ನೆನಸ್ತಾರ’ ಅಂತ ಬರದೀದಿ. ಏಜೆಂಟನ ಮಾತು ಕೇಳಿ ಪರದೇಶದ ಸೈನ್ಯದ ಕೆಲಸಕ್ಕ ಹೊಂಟ ನೀ, ಇವನ ಉದಾಹರಣೆ ಕೊಟ್ಟೀದಿ. ಜೋಗೇಂದ್ರನಾಥ ಸೇನನ ಕಥಿ ನೀ ಅರ್ಧಕ್ಕೇ ಬಿಟ್ಟಂಗ ಕಾಣ್ತದ. ಪೂರಾ ಕೇಳು.

ಅವ ಹುಟ್ಟಿದ್ದು 1887ರಾಗ, ಬಂಗಾಳದ ಚಂದನನಗರದಾಗ. ಆ ಊರು ಆಗ ಫ್ರೆಂಚರ ಕೈಯಾಗಿತ್ತು. 1910ರಾಗ ಇಂಗ್ಲೆಂಡಿನ ಲೀಡ್ಸ್‌ಗೆ ಹೋದ, 1913ರಾಗ ಅಲ್ಲೇ ಇಂಜಿನಿಯರಿಂಗ್ ಡಿಗ್ರಿ ತಗೊಂಡ, ಅದೇ ನಗರಸಭೆಯ ಕರೆಂಟ್ ಸ್ಟೇಷನ್ನಿನಾಗ ಸಹಾಯಕ ಇಂಜಿನಿಯರ್ ಆದ. ಅಂದ್ರ ಕೈಯಾಗ ಕೆಲಸ ಇತ್ತು. 1914ರಾಗ ಮೊದಲ ಮಹಾಯುದ್ಧ ಶುರುವಾದ ತಿಂಗಳೊಪ್ಪತ್ತಿನಾಗ ತಾನಾಗೇ ಹೋಗಿ ‘ಲೀಡ್ಸ್ ಪ್ಯಾಲ್ಸ್’ ದಂಡಿಗೆ ಹೆಸರು ಹಚ್ಚಿದ. ಒಂದೇ ಊರಿನ ಗೆಳೆಯರು, ಜೋಡಿ ಕೆಲಸ ಮಾಡೋರು ಕೂಡಿ ಸೇರಿದ ದಂಡು ಅದು. ಅದರಾಗ ಬಿಳಿಯನಲ್ಲದವ ಇವನೊಬ್ಬನೇ.

ಅವನ ಜೋಡಿ ಇದ್ದ ಸಿಪಾಯಿಯೊಬ್ಬ ವಯಸ್ಸಾದ ಮ್ಯಾಲೆ ಹೇಳಿದ್ದು ಉಳದದ. ಇಡೀ ಬಟಾಲಿಯನ್‌ದಾಗ ಎಲ್ಲಾರಿಗಿಂತ ಹೆಚ್ಚು ಓದಿದವ ಅವನೇ, ಏಳು ಭಾಷಾ ಬರ್ತಿದ್ದವು, ಆದ್ರ ಸಿಪಾಯಿಗಿಂತ ಒಂದೇ ಮೆಟ್ಟಿಲು ಮ್ಯಾಲಿನ ಲ್ಯಾನ್ಸ್ ಕಾರ್ಪೋರಲ್ ಸುದ್ದಾ ಮಾಡಲಿಲ್ಲ. ಬಿಳಿಯರ ಮ್ಯಾಲೆ ಕರಿಯನ ಹುಕುಂ ನಡೆಯೋದು ಆ ಕಾಲಕ್ಕ ಆಗದ ಮಾತು ಅಂತ. ಕಡೀತನಕ ಅವ ಪ್ರೈವೇಟ್, ಬರೀ ಸಿಪಾಯಿ. ನಿನ್ನ ಸರ್ಟಿಫಿಕೇಟು ಅಲ್ಲಿ ಯಾವ ಬೆಲೆಗೆ ಹೋಗ್ತದ ಅನ್ನೋದನ್ನ ಇದರ ಮ್ಯಾಲಿಂದ ಲೆಕ್ಕ ಹಾಕು.

1915ರ ಡಿಸೆಂಬರ್‌ದಾಗ ಅವರನ್ನ ಸುಯೆಜ್ ಕಾಲುವೆ ಕಾವಲಿಗೆ ಈಜಿಪ್ಟಿಗೆ ಕಳಿಸಿದ್ರು. ನಮ್ಮ ಸೀಮೆಯನ್ನಾಳ್ತಿದ್ದ ನಿಜಾಮರ ಹೈದರಾಬಾದ್ ಲ್ಯಾನ್ಸರ್ಸ್ ಕುದುರೆ ದಂಡೂ ಆಗ ಈಜಿಪ್ಟಿನಾಗೇ ಇತ್ತು. ದಿಲ್ಲಿಯ ತೀನ್ ಮೂರ್ತಿ ಯುದ್ಧ ಸ್ಮಾರಕದೊಳಗ ಹೈದರಾಬಾದಿಂದೂ ಒಂದು ಮೂರ್ತಿ ಅದ, ಗೊತ್ತಿರಲಿ. ಆದ್ರ ಅವರು ದೊರೆ ಕಳಿಸಿದವರು. ಸೇನನನ್ನ ಯಾರೂ ಕಳಿಸಿರಲಿಲ್ಲ.

ಸೇನನ ದಂಡು 1916ರ ಮಾರ್ಚಿಗೆ ಫ್ರಾನ್ಸಿಗೆ ಬಂತು. ಮೇ 22ರ ರಾತ್ರಿ, ಸೋಮ್ ಸೀಮೆಯಾಗ, ತೋಪಿನ ದಾಳಿ ಆತು. ಮೊದಲು ಕಾಲಿಗೆ ಗಾಯ, ಆಮ್ಯಾಲೆ ಕುತ್ತಿಗೆಗೂ ಪೆಟ್ಟು ಬಿತ್ತು. ಅಷ್ಟೇ. ಜುಲೈ 1ಕ್ಕ ಶುರುವಾದ ದೊಡ್ಡ ಲಡಾಯಿಯ ತನಕ ಸುದ್ದಾ ಅವ ಉಳೀಲಿಲ್ಲ. ಮಣ್ಣು ಮಾಡಿದ್ದು ಅಲ್ಲೇ, ಕೊಲಿಂಕಾಂಪ್ಸ್ ಅನ್ನೋ ಹಳ್ಳಿ ಕಡೆ. ಲೀಡ್ಸ್ ವಿಶ್ವವಿದ್ಯಾಲಯದ ಸ್ಮಾರಕದ ಮ್ಯಾಲೆ ಹೆಸರು ಕೆತ್ತ್ಯಾರ. ಮನಿಗೆ ಬಂದದ್ದು ಮೈಮ್ಯಾಲಿದ್ದ ಸಾಮಾನು. ಅದರಾಗ ರಕ್ತದ ಕಲೆ ಹತ್ತಿದ ಚಷ್ಮಾ ಈಗ ಚಂದನನಗರದ ಮ್ಯೂಸಿಯಂದಾಗ ಅದ.

ಧೈರ್ಯವಂತ ಅನ್ನೋದಕ್ಕ ನನ್ನ ತಕರಾರಿಲ್ಲ. ನಾನೂ ಕೈ ಮುಗೀತೀನಿ. ಆದ್ರ ಅವನಿಗೆ ತಾನು ಯಾವ ಕಾಗದಕ್ಕ ಸಹಿ ಹಾಕಿದೆ ಅನ್ನೋದು ಗೊತ್ತಿತ್ತು. ನಿನ್ನ ಏಜೆಂಟ್ ಹೇಳ್ತಿರೋದು ಏನು? ‘ಬರೀ ಸೆಕ್ಯುರಿಟಿ ಕೆಲಸ, ಒಂದು ವರ್ಷ ಸೈನ್ಯದ ಜೋಡಿ ಹೆಲ್ಪರ್, ಆಮ್ಯಾಲೆ ಅಲ್ಲಿಯ ಪಾಸ್‌ಪೋರ್ಟ್’ ಅಂತ. ಇದೇ ಮಾತು ಕೇಳಿ ನಮ್ಮ ಕಲಬುರಗಿ ಜಿಲ್ಲೆಯ ಹುಡುಗರು ರಷ್ಯಾಕ್ಕ ಹೋಗಿದ್ದು ಮರತ್ಯೇನು? 2024ರ ಫೆಬ್ರುವರಿಯಾಗ ಪೇಪರ್ ತುಂಬ ಅದೇ ಸುದ್ದಿ. ಓದಲಿಕ್ಕೆ ಬರದ ರಷ್ಯನ್ ಕರಾರಿಗೆ ಸಹಿ, ಕೈಯಾಗ ಬಂದೂಕು, ಎದುರಿಗೆ ಉಕ್ರೇನ್. ನಮ್ಮವರು ಪುಣ್ಯಕ್ಕ ಸೆಪ್ಟೆಂಬರ್‌ದಾಗ ತಿರುಗಿ ಬಂದ್ರು. ಹೈದರಾಬಾದಿನ ಹುಡುಗ, ಸೂರತ್ತಿನ ಹುಡುಗ ಬರಲಿಲ್ಲ.

ಪರದೇಶಕ್ಕ ಹೋಗಬ್ಯಾಡ ಅನ್ನೋ ಹಳೇ ಕಾಲದ ಮುದುಕ ಅಲ್ಲ ನಾನು. ಗಲ್ಫ್‌ಗೆ ಹೋದವರು ನಮ್ಮ ಓಣಿಯಾಗೇ ಎಷ್ಟು ಮಂದಿ ಇಲ್ಲ! ಆದ್ರ 1983ರ ವಲಸೆ ಕಾಯ್ದೆ ಪ್ರಕಾರ ಮಂದಿನ್ನ ಹೊರಗ ಕೆಲಸಕ್ಕ ಕಳಿಸೋ ಏಜೆಂಟನಿಗೆ ಸರ್ಕಾರದ ಲೈಸೆನ್ಸ್ ಬೇಕು. ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಾಗ ಹುಡುಕಿದ್ರ ಲೈಸೆನ್ಸ್ ಇದ್ದವನ ಹೆಸರು ಸಿಗ್ತದ. ಅವ ತನ್ನ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತ ಅದರ ಜಿಎಸ್‌ಟಿಗಿಂತ ಹೆಚ್ಚು ಕೇಳೋ ಹಂಗಿಲ್ಲ. ನಿನ್ನವ ಲಕ್ಷದ ಮಾತಾಡ್ತಾನ, ರಸೀದಿ ಕೇಳಿದ್ರ ಫೋನ್ ಕಟ್ ಮಾಡ್ತಾನ. ಅದಕ್ಕ ಅಪ್ಪನ ಹೊಲ ಅಡ ಇಡಬೇಕಂತ! ನಿಮ್ಮವ್ವ ಈಗಲೇ ಖಡಕ್ ರೊಟ್ಟಿ ಬಡದು ಡಬ್ಬಿ ತುಂಬ್ಲಿಕ್ಕತ್ಯಾಳ, ಪಾಪ, ಮಗ ಆಫೀಸರ್ ಆಗ್ತಾನ ಅಂತ ತಿಳಕೊಂಡು. ಅಕಿಗೆ ಯುದ್ಧದ ಸುದ್ದಿ ನೀ ಹೇಳಿಲ್ಲ. ಮೊದಲು ಅದನ್ನ ಹೇಳು.

ಬರೋ ಸೋಮವಾರ ಕಲಬುರಗಿಗೆ ಬರ್ತೀನಿ, ಕೋರ್ಟಿನ ಕೆಲಸ ಅದ. ಕರಾರಿನ ಕಾಗದ, ಏಜೆಂಟನ ಲೈಸೆನ್ಸ್ ನಂಬರ್ ಎರಡೂ ತಗೊಂಡು ಸೂಪರ್ ಮಾರ್ಕೆಟ್ ಕಡೆ ಬಾ. ವಕೀಲರಿಗೆ ಓದಿಸೋಣ. ಅಲ್ಲೀತನಕ ಪಾಸ್‌ಪೋರ್ಟ್ ಯಾರ ಕೈಯಾಗೂ ಕೊಡಬ್ಯಾಡ. ಹೊಲದ ಕಾಗದಪತ್ರ ನನ್ನ ಟ್ರಂಕಿನಾಗ ಅವ, ಅವನ್ನಂತೂ ನಾ ಕೊಡೋದಿಲ್ಲ.

ಇಂತಿ,
ನಿನ್ನ ಕಾಕಾ